ಬರೆದ ಸಂವಿಧಾನವಿಲ್ಲದ ಬ್ರಿಟನ್ನಿನಲ್ಲಿ ಪ್ರಧಾನಿ ಹುದ್ದೆ ಹುಟ್ಟಿದ್ದು ಹೇಗೆ?

ಓದುಗ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ‘ಸಂಸದೀಯ ಪದ್ಧತಿ: ಬ್ರಿಟನ್ನಿನಿಂದ’ ಎಂದು ಗೈಡುಗಳಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಆದರೆ ಬ್ರಿಟನ್ನಿಗೆ ಅದು ಎಲ್ಲಿಂದ ಬಂತು? ಅಲ್ಲಿ ಬರೆದ ಸಂವಿಧಾನವೇ ಇಲ್ಲವಂತೆ. ಹಾಗಾದರೆ ಪ್ರಧಾನಿ ಹುದ್ದೆ ಯಾವ ಕಾನೂನಿನಿಂದ ಹುಟ್ಟಿತು? ಒಂದು ಕಡೆ 1721 ಅಂತಿದೆ, ಇನ್ನೊಂದು ಕಡೆ 1905, ಮತ್ತೊಂದು ಕಡೆ 1937. ಒಂದೇ ಹುದ್ದೆಗೆ ಮೂರು ಹುಟ್ಟಿದ ವರ್ಷ ಹೇಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನಿವೃತ್ತ ಮೇಷ್ಟ್ರು

ಮೂರೂ ಸರಿ ಕಣಪ್ಪ. ಯಾವುದನ್ನು ಹುಟ್ಟು ಅಂತೀಯ ಅನ್ನುವುದರ ಮೇಲಿದೆ.

1721ರಲ್ಲಿ ರಾಬರ್ಟ್ ವಾಲ್ಪೋಲ್ ಖಜಾನೆಯ ಮುಖ್ಯಸ್ಥನಾದ. ಅದರ ಹಿಂದಿನ ವರ್ಷವಷ್ಟೇ ಸೌತ್ ಸೀ ಕಂಪನಿಯ ಷೇರು ಕುಸಿದು ದೇಶದ ಅರ್ಧ ಶ್ರೀಮಂತರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಲೆಕ್ಕ ಗೊತ್ತಿದ್ದ ಮನುಷ್ಯ ಬೇಕಾಗಿತ್ತು. ಅವನು 1742ರವರೆಗೆ, ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಾಡಲಿಲ್ಲ. ಜನ ‘ಪ್ರಧಾನಿ’ ಎಂದು ಕರೆದದ್ದು ಬೈಗುಳವಾಗಿ. ರಾಜನನ್ನು ಬುಟ್ಟಿಗೆ ಹಾಕಿಕೊಂಡು ಎಲ್ಲರ ಮೇಲೆ ದರ್ಬಾರು ಮಾಡುವವನು ಎಂದು ಅರ್ಥ. ತಾನು ಅಂಥವನಲ್ಲ ಎಂದು ವಾಲ್ಪೋಲ್ ಸಂಸತ್ತಿನಲ್ಲೇ ಹೇಳಿದ್ದ.

ಅವನ ಅಧಿಕೃತ ಹುದ್ದೆ ‘ಫಸ್ಟ್ ಲಾರ್ಡ್ ಆಫ್ ದಿ ಟ್ರೆಷರಿ’. ಎರಡನೇ ಜಾರ್ಜ್ ಡೌನಿಂಗ್ ಸ್ಟ್ರೀಟಿನ ಮನೆ ಕೊಡಲು ಬಂದಾಗ, ‘ನನಗೆ ಬೇಡ, ಈ ಹುದ್ದೆಯಲ್ಲಿ ಇರುವವರಿಗೆ ಕೊಡಿ’ ಎಂದ. 1735ರಲ್ಲಿ ಅಲ್ಲಿಗೆ ವಾಸಕ್ಕೆ ಹೋದ. ಇವತ್ತಿಗೂ ಹತ್ತನೇ ನಂಬರಿನ ಬಾಗಿಲಲ್ಲಿ ಪತ್ರ ಹಾಕುವ ಹಿತ್ತಾಳೆ ಕಿಂಡಿಯ ಮೇಲೆ ‘ಫಸ್ಟ್ ಲಾರ್ಡ್ ಆಫ್ ದಿ ಟ್ರೆಷರಿ’ ಅಂತಲೇ ಇದೆ. ಪ್ರಧಾನಿ ಎಂಬ ಹೆಸರೇ ಇಲ್ಲ.

1905ರಲ್ಲಿ ಆದದ್ದು ಇಷ್ಟೇ. ಸರ್ಕಾರಿ ಸಮಾರಂಭಗಳಲ್ಲಿ ಯಾರು ಯಾರ ಹಿಂದೆ ನಡೆಯಬೇಕು ಎಂಬ ಪಟ್ಟಿಯಲ್ಲಿ ಮೊದಲ ಸಲ ‘ಪ್ರಧಾನಿ’ಗೆ ಜಾಗ ಸಿಕ್ಕಿತು. ಕಾಯ್ದೆಯೊಂದರಲ್ಲಿ ಆ ಹೆಸರು ಬಂದದ್ದು 1917ರಲ್ಲಿ. ಅದೂ ಚೆಕರ್ಸ್ ಎಂಬ ಹಳ್ಳಿಮನೆಯನ್ನು ಪ್ರಧಾನಿಗಳ ವಿಶ್ರಾಂತಿಗೆ ದಾನ ಕೊಟ್ಟಾಗ! 1937ರ ಕಾಯ್ದೆ ಸಂಬಳ ಗೊತ್ತು ಮಾಡಿತು: ವರ್ಷಕ್ಕೆ 10,000 ಪೌಂಡ್. ಅದೇ ಕಾಯ್ದೆ ವಿರೋಧ ಪಕ್ಷದ ನಾಯಕನಿಗೂ 2,000 ಪೌಂಡ್ ಸಂಬಳ ಕೊಟ್ಟಿತು. ಸರ್ಕಾರವನ್ನು ಬೈಯುವುದಕ್ಕೆ ಸರ್ಕಾರದ್ದೇ ಸಂಬಳ.

‘ಇನ್ನು ಮುಂದೆ ಈ ದೇಶಕ್ಕೆ ಒಬ್ಬ ಪ್ರಧಾನಿ ಇರತಕ್ಕದ್ದು’ ಎಂದು ಯಾವ ಕಾನೂನೂ ಹೇಳಿಲ್ಲ.

ಕುಡ್ಲದವ

ಮೇಷ್ಟ್ರೇ, ನೀವು ನೇರ 1721ಕ್ಕೆ ಹಾರಿದಿರಿ ಮಾರಾಯ್ರೇ. ಮ್ಯಾಗ್ನಾ ಕಾರ್ಟಾ ಬಿಟ್ಟರೆ ಹೇಗೆ? 1215ರಿಂದ ತಾನೇ ಪ್ರಜಾಪ್ರಭುತ್ವ ಶುರುವಾದದ್ದು?

ನಿವೃತ್ತ ಮೇಷ್ಟ್ರು

1215ರ ಜೂನ್ 15ಕ್ಕೆ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಪ್ರಜೆಗಳು ಯಾರೂ ಇರಲಿಲ್ಲ. ಇದ್ದವರು ಜಹಗೀರುದಾರರು. ಜಾನ್ ದೊರೆ ಫ್ರಾನ್ಸಿನ ಯುದ್ಧಕ್ಕೆಂದು ಅವರನ್ನು ಹಿಂಡಿ ಹಿಪ್ಪೆ ಮಾಡಿದ್ದ, ಯುದ್ಧವನ್ನೂ ಸೋತಿದ್ದ. ಅವರು ಕತ್ತಿ ಹಿಡಿದು ಬಂದು ಒಪ್ಪಂದ ಬರೆಸಿಕೊಂಡರು. ಎರಡೇ ತಿಂಗಳಲ್ಲಿ ಪೋಪ್ ಅದನ್ನು ರದ್ದು ಮಾಡಿದ. ಮರುವರ್ಷ ಜಾನ್ ಸತ್ತ. ಅವನ ಮಗ ಇನ್ನೂ ಹುಡುಗ, ಸಿಂಹಾಸನ ಗಟ್ಟಿಯಾಗಬೇಕಿತ್ತು, ಹಾಗಾಗಿ ಅದನ್ನು ಮತ್ತೆ ಹೊರಡಿಸಿದರು. ಹಾಗೆ ಬದುಕಿಕೊಂಡಿತು.

ಆದರೆ ಅದರಲ್ಲಿ ನಾನು ಮುಖ್ಯ ಅಂದುಕೊಂಡಿರುವ ಕಲಮು ಬೇರೆ. ‘ನ್ಯಾಯ ಯಾರಿಗೂ ನಿರಾಕರಿಸುವುದಿಲ್ಲ’ ಎನ್ನುವುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಹನ್ನೆರಡನೇ ಕಲಮು ನೋಡಿ: ಮಾಮೂಲಿ ಬಾಕಿ ಬಿಟ್ಟು ಹೆಚ್ಚಿನ ಹಣ ಕೇಳುವುದಾದರೆ ರಾಜ್ಯದ ಒಟ್ಟು ಸಮ್ಮತಿ ಬೇಕು. ಇಡೀ ಬ್ರಿಟಿಷ್ ರಾಜಕೀಯದ ಕಥೆ ಈ ಒಂದು ಸಾಲಿನ ಜಗಳ ಅಂತ ನನ್ನ ಅಭಿಪ್ರಾಯ. ರಾಜನಿಗೆ ದುಡ್ಡು ಬೇಕು, ಕೊಡುವವರು ‘ಸರಿ, ಆದರೆ...’ ಅನ್ನುತ್ತಾರೆ. ಆ ‘ಆದರೆ’ಯಿಂದಲೇ ಪಾರ್ಲಿಮೆಂಟು ಬೆಳೆಯಿತು.

1265ರಲ್ಲಿ ಬಂಡಾಯಗಾರ ಸೈಮನ್ ಡಿ ಮಾಂಟ್‌ಫೋರ್ಟ್ ಊರೂರಿಂದ ಪ್ರತಿನಿಧಿಗಳನ್ನು ಕರೆಸಿದ. ಅದೇ ವರ್ಷ ಯುದ್ಧದಲ್ಲಿ ಸತ್ತ. ಅವನನ್ನು ಸೋಲಿಸಿದ ರಾಜಕುಮಾರ ಎಡ್ವರ್ಡ್ ಮುಂದೆ ದೊರೆಯಾದ ಮೇಲೆ ತಾನೇ ಅದೇ ಕೆಲಸ ಮಾಡಿದ. 1295ರಲ್ಲಿ ಪಟ್ಟಣದ ವರ್ತಕರನ್ನೂ ಕೌಂಟಿಗಳ ನೈಟ್‌ಗಳನ್ನೂ ಕರೆಸಿ ಕೂರಿಸಿದ. ಸ್ಕಾಟ್‌ಲೆಂಡ್, ಫ್ರಾನ್ಸ್, ವೇಲ್ಸ್ ಮೂರೂ ಕಡೆ ತಲೆನೋವು, ಖಜಾನೆ ಖಾಲಿ. ವರ್ತಕರ ಕೈಯಲ್ಲಿ ದುಡ್ಡಿತ್ತು.

1376ರಲ್ಲಿ ಕಾಮನ್ಸ್, ಅಂದರೆ ಕೆಳಮನೆಯ ಸದಸ್ಯರು ಹಣ ಕೊಡುವ ಮೊದಲು ‘ಹೋದ ಸಲ ಕೊಟ್ಟದ್ದು ಏನಾಯಿತು, ಲೆಕ್ಕ ಕೊಡಿ’ ಎಂದರು. ಅವರ ಪರವಾಗಿ ಮಾತಾಡಿದವನು ಪೀಟರ್ ಡಿ ಲಾ ಮೇರ್. ಸಭೆ ಮುಗಿದ ಮೇಲೆ ಅವನನ್ನು ಜೈಲಿಗೆ ಹಾಕಿದರು. ಮರುವರ್ಷವೇ ‘ಸ್ಪೀಕರ್’ ಎಂಬ ಹೆಸರು ಅಧಿಕೃತವಾಗಿ ಬಂತು. ರಾಜನ ಎದುರು ಸಭೆಯ ಮಾತನ್ನು ಆಡುವವನು ಅಂತ. ಅಪಾಯದ ಕೆಲಸ. 1394ರಿಂದ 1535ರ ನಡುವೆ ಏಳು ಸ್ಪೀಕರ್‌ಗಳ ತಲೆ ಹೋಗಿದೆ. ಇವತ್ತು ಹೊಸ ಸ್ಪೀಕರನ್ನು ಆರಿಸಿದಾಗ ಅವರು ‘ಬೇಡ ಬೇಡ’ ಎಂದು ಕೊಸರಾಡುವಂತೆ ನಟಿಸುತ್ತಾರೆ, ಉಳಿದವರು ಎಳೆದುಕೊಂಡು ಹೋಗಿ ಕೂರಿಸುತ್ತಾರೆ. ನಗುತ್ತಾ ಮಾಡುವ ಈ ಆಟಕ್ಕೆ ಹಿನ್ನೆಲೆ ಅದು.

ಸಿಡಿಮಿಡಿ

ಅಂದರೆ ದುಡ್ಡೇ ದೊಡ್ಡಪ್ಪ. ಇದಕ್ಕೆ ‘ಪಾರ್ಲಿಮೆಂಟುಗಳ ತಾಯಿ’ ಅಂತ ಬಿರುದು ಬೇರೆ.

ಲೀಡ್ಸ್ ಕನ್ನಡತಿ

ಮೇಷ್ಟ್ರ ಮಾತಿಗೆ ಇಲ್ಲಿಂದ ಒಂದು ಸಾಕ್ಷಿ ಕೊಡುತ್ತೇನೆ. ಅಧಿವೇಶನ ಶುರುವಾಗುವ ದಿನ ಟಿವಿಯಲ್ಲಿ ಎಲ್ಲರೂ ನೋಡುವುದು ಕಿರೀಟ, ಸಾರೋಟು, ಕಾಮನ್ಸ್ ಬಾಗಿಲನ್ನು ಬ್ಲ್ಯಾಕ್ ರಾಡ್ ಎಂಬ ರಾಜದೂತರ ಮುಖದ ಮೇಲೆ ದಢಾರ್ ಎಂದು ಮುಚ್ಚುವುದು. ಭಾಷಣವನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ನಮ್ಮ ರಾಜ್ಯಪಾಲರ ಭಾಷಣದ ಹಾಗೇ, ಸರ್ಕಾರ ಬರೆದುಕೊಟ್ಟದ್ದನ್ನು ರಾಜ ಓದುತ್ತಾರೆ. ‘ಮೈ ಲಾರ್ಡ್ಸ್ ಮತ್ತು ಕಾಮನ್ಸ್ ಸದಸ್ಯರೇ’ ಎಂದು ಮೇಲ್ಮನೆ, ಕೆಳಮನೆ ಇಬ್ಬರನ್ನೂ ಸೇರಿಸಿ ಮಾತಾಡುತ್ತಾ ಹೋಗುತ್ತಾರೆ. ಒಂದು ಕಡೆ ಮಾತ್ರ ಲಾರ್ಡ್ಸ್ ಹೆಸರು ಬಿಟ್ಟು, ‘ಕಾಮನ್ಸ್ ಸದಸ್ಯರೇ, ಖರ್ಚಿನ ಅಂದಾಜುಗಳನ್ನು ನಿಮ್ಮ ಮುಂದೆ ಇಡಲಾಗುವುದು’ ಎನ್ನುತ್ತಾರೆ. ಒಂದೇ ವಾಕ್ಯ. ದುಡ್ಡಿನ ಮಾತು ಬಂದಾಗ ಲಾರ್ಡ್‌ಗಳು ಅಲ್ಲೇ ಕೂತಿದ್ದರೂ ಲೆಕ್ಕಕ್ಕಿಲ್ಲ.

ಮಸೂದೆಗಳಿಗೆ ಅಂಕಿತ ಹಾಕಿದ್ದನ್ನು ಈಗಲೂ ಹಳೇ ನಾರ್ಮನ್ ಫ್ರೆಂಚಿನಲ್ಲಿ ಸಾರುವ ಪದ್ಧತಿ ಇದೆ. ಮಾಮೂಲಿ ಮಸೂದೆಗೆ ‘ರಾಜನ ಇಚ್ಛೆ ಇದೆ’ ಅಂತ ಅಷ್ಟೇ. ತೆರಿಗೆ, ಖರ್ಚಿನ ಮಸೂದೆಯಾದರೆ ಉದ್ದ ಇದೆ: ‘ರಾಜರು ತಮ್ಮ ಒಳ್ಳೆಯ ಪ್ರಜೆಗಳಿಗೆ ವಂದನೆ ಹೇಳುತ್ತಾರೆ, ಅವರ ಕೊಡುಗೆ ಸ್ವೀಕರಿಸುತ್ತಾರೆ, ಹಾಗೆಯೇ ಆಗಲಿ’. ಕೈ ಒಡ್ಡಿದವರು ಥ್ಯಾಂಕ್ಸ್ ಹೇಳಬೇಕಲ್ವಾ!

ಓದುಗ ದಾವಣಗೆರೆ

ಮೇಡಂ, ಬಾಗಿಲು ಮುಚ್ಚುವುದು ಯಾಕೆ?

ಧಾರವಾಡದ ವಕೀಲ

ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ಅದರ ಹಿಂದೆ ಒಂದು ಚಂದದ ಕೇಸ್ ಇದೆ.

ಮೊದಲನೇ ಚಾರ್ಲ್ಸ್ 1629ರಲ್ಲಿ ಪಾರ್ಲಿಮೆಂಟನ್ನು ಮನೆಗೆ ಕಳಿಸಿ ಹನ್ನೊಂದು ವರ್ಷ ಕರೆಯಲೇ ಇಲ್ಲ. ಪಾರ್ಲಿಮೆಂಟು ಇಲ್ಲದೆ ಹೊಸ ತೆರಿಗೆ ಹಾಕುವ ಹಾಗಿಲ್ಲ. ಆಗ ಅವನ ವಕೀಲರು ಹಳೇ ಕಡತ ಕೆದಕಿದರು. ಯುದ್ಧದ ಅಪಾಯ ಬಂದಾಗ ಕರಾವಳಿಯ ಊರುಗಳು ರಾಜನಿಗೆ ಹಡಗು ಕೊಡಬೇಕು ಅಂತ ಒಂದು ಪುರಾತನ ರೂಢಿ ಸಿಕ್ಕಿತು. ‘ಹಡಗಿನ ಬದಲು ದುಡ್ಡು ಕೊಡಿ’ ಎಂದರು. 1635ರಲ್ಲಿ ಸಮುದ್ರವನ್ನೇ ನೋಡದ ಒಳನಾಡಿನ ಜಿಲ್ಲೆಗಳಿಗೂ ಅದನ್ನು ಹಾಕಿದರು. ಯುದ್ಧವೂ ಇರಲಿಲ್ಲ.

ಬಕಿಂಗ್‌ಹ್ಯಾಮ್‌ಶೈರಿನ ಜಾನ್ ಹ್ಯಾಂಪ್ಡನ್ ಎಂಬ ಜಮೀನ್ದಾರ 20 ಶಿಲ್ಲಿಂಗ್ ಕಟ್ಟಲಿಲ್ಲ. ಅವನಿಗೆ ಅದು ದೊಡ್ಡ ಮೊತ್ತವೇ ಅಲ್ಲ. ಕೋರ್ಟಿಗೆ ಹೋಗುವುದೇ ಉದ್ದೇಶ. ಹನ್ನೆರಡು ನ್ಯಾಯಾಧೀಶರ ಮುಂದೆ ವಾದ ನಡೆಯಿತು. 7–5ರಲ್ಲಿ ರಾಜ ಗೆದ್ದ. ಕಾಗದದ ಮೇಲೆ ಗೆಲುವು, ಆದರೆ ರಾಜನ ಕೈಕೆಳಗಿನ ನ್ಯಾಯಾಧೀಶರಲ್ಲೇ ಐವರು ಒಪ್ಪಲಿಲ್ಲ ಎಂದು ಊರೆಲ್ಲ ತಿಳಿಯಿತು. ಆಮೇಲೆ ಜನ ಕಟ್ಟುವುದನ್ನೇ ಕಮ್ಮಿ ಮಾಡಿದರು. ವಕೀಲರಿಗೆ ಪ್ರಿಯವಾದ ಸೋಲು ಇದು.

ಅಷ್ಟರಲ್ಲಿ ಸ್ಕಾಟರ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಯುದ್ಧ ಮೈಮೇಲೆ ಎಳೆದುಕೊಂಡ. ಸೈನಿಕರಿಗೆ ಸಂಬಳ ಬೇಕು. 1640ರಲ್ಲಿ ಪಾರ್ಲಿಮೆಂಟು ಕರೆಯದೆ ವಿಧಿ ಇರಲಿಲ್ಲ. ಬಂದವರು ಹನ್ನೊಂದು ವರ್ಷದ ಸಿಟ್ಟನ್ನೂ ಹೊತ್ತು ತಂದಿದ್ದರು. 1642ರ ಜನವರಿ 4ರಂದು ಚಾರ್ಲ್ಸ್ ಶಸ್ತ್ರಧಾರಿಗಳೊಂದಿಗೆ ತಾನೇ ಕಾಮನ್ಸ್ ಒಳಗೆ ನುಗ್ಗಿದ. ಹ್ಯಾಂಪ್ಡನ್, ಪಿಮ್ ಸೇರಿ ಐವರನ್ನು ಹಿಡಿಯಬೇಕಿತ್ತು. ಸುದ್ದಿ ಮೊದಲೇ ತಿಳಿದು ಐವರೂ ದೋಣಿ ಹತ್ತಿ ಪಾರಾಗಿದ್ದರು. ‘ಎಲ್ಲಿದ್ದಾರೆ?’ ಎಂದು ರಾಜ ಸ್ಪೀಕರ್ ವಿಲಿಯಂ ಲೆಂತಾಲನ್ನು ಕೇಳಿದ. ಲೆಂತಾಲ್ ಮಂಡಿಯೂರಿ ಹೇಳಿದ ಮಾತಿನ ಸಾರ ಇದು: ಈ ಸಭೆ ಹೇಳಿದ್ದನ್ನು ಬಿಟ್ಟರೆ ನೋಡಲು ನನಗೆ ಕಣ್ಣಿಲ್ಲ, ಮಾತಾಡಲು ನಾಲಿಗೆಯಿಲ್ಲ.

ಅಂದಿನಿಂದ ಯಾವ ರಾಜನೂ ರಾಣಿಯೂ ಅಧಿವೇಶನಕ್ಕೆಂದು ಕಾಮನ್ಸ್ ಒಳಗೆ ಕಾಲಿಟ್ಟಿಲ್ಲ. ರಾಜನ ದೂತನ ಮುಖಕ್ಕೆ ಬಾಗಿಲು ಹಾಕುವುದು ಆ ದಿನದ ನೆನಪಿಗೆ.

ಕುಡ್ಲದವ

ಚಾರ್ಲ್ಸ್ ತಲೆ ಕಡಿದರಲ್ಲ 1649ರಲ್ಲಿ. ಆಮೇಲೆ ಗಣರಾಜ್ಯ ಆಯಿತು. ಅಲ್ಲಿಗೇ ಮುಗಿಸಬಹುದಿತ್ತು. ಮತ್ತೆ ರಾಜನನ್ನು ಕರೆದು ತಂದರಲ್ಲ, ಎಂಥ ಕರ್ಮ!

ಧಾರವಾಡದ ವಕೀಲ

ಅದಕ್ಕಿಂತ ತಮಾಷೆ ಏನೆಂದರೆ, ‘ಬ್ರಿಟನ್ನಿಗೆ ಬರೆದ ಸಂವಿಧಾನ ಇಲ್ಲ’ ಎನ್ನುತ್ತಾರಲ್ಲ, ಆಗ ಒಂದು ಇತ್ತು. 1653ರಲ್ಲಿ ಸೇನಾ ನಾಯಕ ಕ್ರಾಮ್‌ವೆಲ್ ಉಳಿದಿದ್ದ ಪಾರ್ಲಿಮೆಂಟನ್ನು ಸಿಪಾಯಿಗಳನ್ನು ಕರೆಸಿ ಓಡಿಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಸೇನಾಧಿಕಾರಿಗಳು ‘ಇನ್‌ಸ್ಟ್ರುಮೆಂಟ್ ಆಫ್ ಗವರ್ನಮೆಂಟ್’ ಎಂಬ ಲಿಖಿತ ಸಂವಿಧಾನ ತಂದರು. ಅವನು ಲಾರ್ಡ್ ಪ್ರೊಟೆಕ್ಟರ್ ಆದ. 1657ರಲ್ಲಿ ಅದನ್ನು ತೆಗೆದು ಇನ್ನೊಂದು ಬರೆದರು. 1658ರಲ್ಲಿ ಕ್ರಾಮ್‌ವೆಲ್ ಸತ್ತ, 1660ರಲ್ಲಿ ಎರಡನೇ ಚಾರ್ಲ್ಸ್ ಬಂದ, ಎರಡೂ ಸಂವಿಧಾನ ಕಸದ ಬುಟ್ಟಿಗೆ ಹೋದವು. ಕ್ರಾಮ್‌ವೆಲ್ ಹೆಣವನ್ನು ಹೊರತೆಗೆದು ತಲೆ ಕಡಿದು ವೆಸ್ಟ್‌ಮಿನ್‌ಸ್ಟರ್ ಹಾಲಿನ ಮೇಲೆ ನೆಟ್ಟರು. 1899ರಲ್ಲಿ ಅದೇ ಹಾಲಿನ ಹೊರಗೆ ಅವನ ಪ್ರತಿಮೆ ನಿಲ್ಲಿಸಿದರು.

ಲಿಖಿತ ಸಂವಿಧಾನ ಅಂದರೆ ಇಂಗ್ಲಿಷರಿಗೆ ಬಹಳ ಕಾಲ ಮಿಲಿಟರಿ ಆಡಳಿತದ ನೆನಪು ಬರುತ್ತಿತ್ತು. ಅವರು ಮತ್ತೆ ಆ ದಾರಿಗೆ ಹೋಗದಿರಲು ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ಚಾರ್ಲ್ಸ್ ಸತ್ತದ್ದಕ್ಕಿಂತ 1689ರಲ್ಲಿ ಆದದ್ದು ಜಾಸ್ತಿ ಗಟ್ಟಿ. ಎರಡನೇ ಜೇಮ್ಸ್ ಓಡಿಹೋದ, ಡಚ್ಚರ ವಿಲಿಯಂನನ್ನು ಕರೆತಂದು ಕೂರಿಸಿದರು. ಹಕ್ಕುಗಳ ಮಸೂದೆ ಬಂತು: ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಹಣ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಡುವಂತಿಲ್ಲ, ಸಭೆಯಲ್ಲಿ ಆಡಿದ ಮಾತಿಗೆ ಹೊರಗೆ ಕೇಸ್ ಹಾಕುವಂತಿಲ್ಲ.

ಆದರೆ ಚಾಣಾಕ್ಷತನ ಇದ್ದದ್ದು ಇನ್ನೊಂದು ಕಡೆ. ಹಿಂದಿನ ರಾಜರಿಗೆ ಪಟ್ಟಕ್ಕೆ ಬಂದಾಗಲೇ ಆಯುಷ್ಯಪೂರ್ತಿ ಸುಂಕದ ಆದಾಯ ಬರೆದುಕೊಡುತ್ತಿದ್ದರು. ವಿಲಿಯಂಗೆ ಹಾಗೆ ಕೊಡಲಿಲ್ಲ. ಸೈನ್ಯದ ಶಿಸ್ತಿನ ಕಾಯ್ದೆಯನ್ನೂ ಅಲ್ಪಾವಧಿಗೆ ಮಾಡಿ ಪದೇಪದೇ ನವೀಕರಿಸುವಂತೆ ಇಟ್ಟರು. ಕರೆಯದಿದ್ದರೆ ಸಂಬಳವಿಲ್ಲ, ಶಿಸ್ತಿಲ್ಲ. 1689ರಿಂದ ಇಲ್ಲಿಯವರೆಗೆ ಪಾರ್ಲಿಮೆಂಟು ಸೇರದ ವರ್ಷವಿಲ್ಲ. ‘ಪ್ರತಿ ವರ್ಷ ಸೇರತಕ್ಕದ್ದು’ ಎಂಬ ದೊಡ್ಡ ಘೋಷಣೆಯಿಂದ ಆದದ್ದಲ್ಲ ಅದು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯ ಹತ್ತಿರ ಮನೆಯವರೆಲ್ಲ ದಿನಾ ಬರಲೇಬೇಕಲ್ಲ, ಹಾಗೆ.

1708ರಲ್ಲಿ ಆ್ಯನ್ ರಾಣಿ ಒಂದು ಮಸೂದೆಗೆ ಅಂಕಿತ ನಿರಾಕರಿಸಿದಳು. ಆಮೇಲೆ ಯಾರೂ ನಿರಾಕರಿಸಿಲ್ಲ. ನಿರಾಕರಿಸಬಾರದು ಎಂಬ ಕಾನೂನು ಇವತ್ತಿಗೂ ಇಲ್ಲ.

ಸಿಡಿಮಿಡಿ

ಎಲ್ಲ ಚಂದ. ಆದರೆ ನೀವು ಹೇಳುವ ಕಾಮನ್ಸ್‌ನಲ್ಲಿ ಕೂತಿದ್ದವರು ಯಾರು ಸ್ವಾಮಿ? ಓಲ್ಡ್ ಸೇರಮ್ ಅಂತ ಒಂದು ಗುಡ್ಡ. ಮೇಲೆ ಪಾಳುಬಿದ್ದ ಕೋಟೆ, ಕುರಿ ಮೇಯುವ ಜಾಗ. ಅದಕ್ಕೆ ಇಬ್ಬರು ಸಂಸದರು. ಡನ್‌ವಿಚ್ ಎಂಬ ಊರಿನ ಬಹುಭಾಗ ಸಮುದ್ರದ ಪಾಲಾಗಿತ್ತು, ಅದಕ್ಕೂ ಇಬ್ಬರು. ಮ್ಯಾಂಚೆಸ್ಟರ್‌ನಂಥ ಗಿರಣಿ ಪಟ್ಟಣಕ್ಕೆ ಒಬ್ಬರೂ ಇಲ್ಲ. 1819ರಲ್ಲಿ ಅಲ್ಲಿನ ಜನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿ ‘ನಮಗೂ ಪ್ರತಿನಿಧಿ ಕೊಡಿ’ ಎಂದರೆ ಕುದುರೆ ಸವಾರರನ್ನು ನುಗ್ಗಿಸಿದರು. ಹೆಂಗಸರು, ಮಕ್ಕಳು ಎಂದೂ ನೋಡಲಿಲ್ಲ.

ಇನ್ನೊಂದು ಹೇಳಲಾ? ಆ ಓಲ್ಡ್ ಸೇರಮ್ ಗುಡ್ಡವನ್ನು ಕೊಂಡವನು ಥಾಮಸ್ ಪಿಟ್. ಭಾರತದ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಮುಂದೆ ಮದ್ರಾಸಿನ ಗವರ್ನರ್. ಗೋಲ್ಕೊಂಡದ ಸೀಮೆಯ ದೊಡ್ಡ ವಜ್ರವನ್ನು ಫ್ರಾನ್ಸಿಗೆ ಮಾರಿದ್ದರಿಂದ ‘ಡೈಮಂಡ್ ಪಿಟ್’ ಎಂದೇ ಹೆಸರು. ಅವನ ಮೊಮ್ಮಗ ಅದೇ ಗುಡ್ಡದಿಂದ ಸಂಸದನಾಗಿ ಮುಂದೆ ಪ್ರಧಾನಿಯಾದ. ಮರಿಮಗನೂ ಪ್ರಧಾನಿಯಾದ. ನಿಮ್ಮ ಪಾರ್ಲಿಮೆಂಟರಿ ಸಂಪ್ರದಾಯದ ಒಳಗೆ ನಮ್ಮ ದುಡ್ಡೂ ಇದೆ.

ಕುಡ್ಲದವ

ಸಿಡಿಮಿಡಿ ಅವರೇ, ಆ ಮರಿಮಗ ಕಿರಿಯ ಪಿಟ್ ಅಲ್ವಾ? ಅವನು ಪ್ರಧಾನಿಯಾದ ಕಥೆಯಲ್ಲಿ ಭಾರತವೇ ಇದೆ. 1783ರಲ್ಲಿ ಫಾಕ್ಸ್ ಮತ್ತು ನಾರ್ತ್ ಅವರ ಸಮ್ಮಿಶ್ರ ಸರ್ಕಾರ ಈಸ್ಟ್ ಇಂಡಿಯಾ ಕಂಪನಿಗೆ ಮೂಗುದಾರ ಹಾಕುವ ಮಸೂದೆ ತಂದಿತು. ಕಾಮನ್ಸ್ ಒಪ್ಪಿತು. ಮೂರನೇ ಜಾರ್ಜ್‌ಗೆ ಫಾಕ್ಸ್ ಕಂಡರೆ ಆಗದು. ‘ಇದಕ್ಕೆ ಓಟು ಹಾಕಿದವರನ್ನು ನನ್ನ ಶತ್ರು ಎಂದುಕೊಳ್ಳುತ್ತೇನೆ’ ಎಂದು ಲಾರ್ಡ್‌ಗಳಿಗೆ ಕಿವಿಮಾತು ಕಳಿಸಿದ. ಲಾರ್ಡ್ಸ್‌ನಲ್ಲಿ ಮಸೂದೆ ಬಿತ್ತು. ಮರುದಿನವೇ ಸರ್ಕಾರ ವಜಾ. 24 ವರ್ಷದ ಪಿಟ್ ಪ್ರಧಾನಿ.

ಕಾಮನ್ಸ್‌ನಲ್ಲಿ ಬಹುಮತ ಇಲ್ಲದೆ, ಓಟಿನ ಮೇಲೆ ಓಟು ಸೋಲುತ್ತಾ ಮೂರು ತಿಂಗಳು ಕುರ್ಚಿ ಬಿಡದೆ ಕೂತ. ಇತ್ತ ನಮ್ಮ ಮಂಗಳೂರಿನಲ್ಲಿ ಅದೇ ಹೊತ್ತಿಗೆ ಕೋಟೆಯ ಮುತ್ತಿಗೆ ಮುಗಿದು ಟಿಪ್ಪು ಮತ್ತು ಕಂಪನಿಯ ನಡುವೆ ಸಂಧಿ ಮಾತುಕತೆ. 1784ರ ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ತಿಂಗಳ 25ಕ್ಕೆ ಲಂಡನ್ನಿನಲ್ಲಿ ಪಾರ್ಲಿಮೆಂಟು ವಿಸರ್ಜನೆ. ಚುನಾವಣೆಯಲ್ಲಿ ಪಿಟ್ ಭರ್ಜರಿ ಗೆದ್ದ, ಆಗಸ್ಟಿನಲ್ಲಿ ತನ್ನದೇ ಇಂಡಿಯಾ ಕಾಯ್ದೆ ತಂದ.

ನಿವೃತ್ತ ಮೇಷ್ಟ್ರು

ಒಳ್ಳೆಯ ಜೋಡಣೆ. ಇದಕ್ಕೆ ಒಂದು ಬಾಲ ಸೇರಿಸುತ್ತೇನೆ. 1834ರಲ್ಲಿ ನಾಲ್ಕನೇ ವಿಲಿಯಂ ಅದೇ ಆಟ ಆಡಲು ಹೋದ. ಮೆಲ್ಬರ್ನ್ ಸರ್ಕಾರವನ್ನು ತೆಗೆದು ಪೀಲ್‌ನನ್ನು ತಂದ. ಚುನಾವಣೆ ನಡೆಯಿತು, ಈ ಸಲ ಜನ ರಾಜನ ಕಡೆ ಬರಲಿಲ್ಲ. ಕೆಲವೇ ತಿಂಗಳಲ್ಲಿ ಮೆಲ್ಬರ್ನ್ ವಾಪಸ್. ರಾಜ ಸರ್ಕಾರವನ್ನು ವಜಾ ಮಾಡಿದ್ದು ಅದೇ ಕೊನೆ. 1784ಕ್ಕೂ 1835ಕ್ಕೂ ನಡುವೆ ಬದಲಾದದ್ದು ಏನೆಂದರೆ 1832ರ ಸುಧಾರಣಾ ಕಾಯ್ದೆ. 56 ಕೊಳೆತ ಕ್ಷೇತ್ರಗಳನ್ನು ಪೂರ್ತಿ ಅಳಿಸಿಹಾಕಿತು. ರಾಜನ ಕಡೆಯವರು ಚುನಾವಣೆ ‘ಕೊಂಡುಕೊಳ್ಳುವ’ ಅಂಗಡಿಗಳೇ ಮುಚ್ಚಿದವು. ಆ ಕಾಯ್ದೆಯನ್ನೂ ಲಾರ್ಡ್ಸ್ ಒಮ್ಮೆ ತಿರಸ್ಕರಿಸಿತ್ತು. ಬ್ರಿಸ್ಟಲ್ ಹೊತ್ತಿ ಉರಿಯಿತು. 1832ರ ಮೇ ತಿಂಗಳಲ್ಲಿ ವೆಲ್ಲಿಂಗ್ಟನ್ ಮತ್ತೆ ಪ್ರಧಾನಿ ಆಗುತ್ತಾನಂತೆ ಎಂದಾಗ ಚಳವಳಿಗಾರರು ಹಚ್ಚಿದ ಪೋಸ್ಟರಿನ ಸಲಹೆ ಸರಳ: ಬ್ಯಾಂಕಿನಿಂದ ಚಿನ್ನ ಹಿಂತೆಗೆಯಿರಿ. ಜನ ಬ್ಯಾಂಕ್ ಆಫ್ ಇಂಗ್ಲೆಂಡ್ ಮುಂದೆ ಸಾಲು ನಿಂತರು. ವೆಲ್ಲಿಂಗ್ಟನ್ ಅಂದರೆ ನಮ್ಮ ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿ, ಗೊತ್ತಲ್ಲ. ಸರ್ಕಾರ ರಚಿಸಲಾಗದೆ ಹಿಂದೆ ಸರಿದ.

ಆ ಹಳೇ ಪಾರ್ಲಿಮೆಂಟು ಕಟ್ಟಡವೂ ಸುಟ್ಟುಹೋದದ್ದು 1834ರಲ್ಲೇ, ಅಕ್ಟೋಬರ್ 16ಕ್ಕೆ. ಹಿಂದೆ ಖಜಾನೆಯ ಲೆಕ್ಕವನ್ನು ಮರದ ಕಡ್ಡಿಗಳ ಮೇಲೆ ಗೀರು ಹಾಕಿ ಇಡುತ್ತಿದ್ದರು. ಆ ಪದ್ಧತಿ ನಿಂತ ಮೇಲೆ ಉಳಿದ ರಾಶಿ ಕಡ್ಡಿಗಳನ್ನು ಲಾರ್ಡ್ಸ್ ಸಭಾಂಗಣದ ಕೆಳಗಿನ ಒಲೆಗಳಲ್ಲಿ ತುರುಕಿ ಸುಟ್ಟರು. ಒಲೆ ಕಾದು ಸಂಜೆಗೆ ಇಡೀ ಅರಮನೆ ಬೆಂಕಿ. ಈಗ ಕಾಣುವುದು ಆಮೇಲೆ ಕಟ್ಟಿದ್ದು.

ಓದುಗ ದಾವಣಗೆರೆ

ಸಾರ್, ಲಾರ್ಡ್ಸ್ ಇಷ್ಟೊಂದು ಅಡ್ಡಗಾಲು ಹಾಕುತ್ತಿದ್ದರೆ ಅದನ್ನು ಕಟ್ಟಿಹಾಕಿದ್ದು ಯಾವಾಗ?

ಲೀಡ್ಸ್ ಕನ್ನಡತಿ

1911. ಇದು ನನ್ನ ಮೆಚ್ಚಿನ ಜಗಳ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

1909ರ ಜನವರಿಯಿಂದ ಇಲ್ಲಿ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್ ವೃದ್ಧಾಪ್ಯ ವೇತನ ಶುರುವಾಯಿತು. ಜೊತೆಗೆ ಜರ್ಮನಿಗೆ ಪೈಪೋಟಿಯಾಗಿ ಯುದ್ಧನೌಕೆ ಕಟ್ಟಬೇಕಿತ್ತು. ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಏಪ್ರಿಲ್‌ನಲ್ಲಿ ಬಜೆಟ್ ಮಂಡಿಸಿ ದೊಡ್ಡ ಆದಾಯದ ಮೇಲೆ ಹೆಚ್ಚುವರಿ ತೆರಿಗೆ ಹಾಕಿದ. ಜಮೀನಿನ ಬೆಲೆ ಏರಿದರೆ ಆ ಏರಿಕೆಯಲ್ಲೂ ಐದನೇ ಒಂದು ಭಾಗ ಕೇಳಿದ. ಲಾರ್ಡ್‌ಗಳೆಂದರೆ ಭಾರೀ ಜಮೀನ್ದಾರರು. ಕಂಗಾಲಾದರು. ಬಜೆಟ್ಟನ್ನು ಲಾರ್ಡ್ಸ್ ತಡೆಯುವುದಿಲ್ಲ ಎಂಬುದು ತಲೆತಲಾಂತರದ ರೂಢಿ. ಆದರೆ ರೂಢಿ ಅಷ್ಟೇ, ಕಾನೂನಲ್ಲ. ನವೆಂಬರ್ 30ರಂದು 350–75 ಓಟಿನಲ್ಲಿ ಬಜೆಟ್ಟನ್ನು ಬೀಳಿಸಿದರು.

1910ರ ಜನವರಿಯಲ್ಲಿ ಒಂದು ಚುನಾವಣೆ. ಲಿಬರಲ್ಲರೂ ಕನ್ಸರ್ವೇಟಿವ್ವರೂ ಹೆಚ್ಚುಕಮ್ಮಿ ಸಮ. ಐರಿಷ್ ಸದಸ್ಯರು ಮತ್ತು ಲೇಬರ್ ಪಕ್ಷದ ಬಲದ ಮೇಲೆ ಲಿಬರಲ್ ಪ್ರಧಾನಿ ಆಸ್ಕ್ವಿತ್ ಸರ್ಕಾರ ನಿಂತಿತು. ಬಜೆಟ್ ಪಾಸಾಯಿತು. ಈಗ ಲಾರ್ಡ್ಸ್‌ನ ವೀಟೋ ಮುರಿಯುವ ಮಸೂದೆ ಬಂತು. ಮೇ ತಿಂಗಳಲ್ಲಿ ಏಳನೇ ಎಡ್ವರ್ಡ್ ತೀರಿಕೊಂಡ. ಹೊಸ ರಾಜ ಐದನೇ ಜಾರ್ಜ್ ನವೆಂಬರಿನಲ್ಲಿ ಗುಟ್ಟಾಗಿ ಮಾತು ಕೊಟ್ಟ: ಇನ್ನೊಂದು ಚುನಾವಣೆ ಗೆದ್ದು ಬಂದರೆ, ಬೇಕಾದಷ್ಟು ಹೊಸ ಲಾರ್ಡ್‌ಗಳನ್ನು ನೇಮಿಸಿಕೊಡುತ್ತೇನೆ. ಡಿಸೆಂಬರಿನಲ್ಲಿ ಮತ್ತೊಂದು ಚುನಾವಣೆ, ಫಲಿತಾಂಶ ಹಾಗೇ.

1911ರ ಆಗಸ್ಟ್. ಲಂಡನ್ನಿನಲ್ಲಿ ಸುಡು ಬಿಸಿಲು. ನೂರಾರು ಹೊಸ ಲಾರ್ಡ್‌ಗಳು ಬಂದರೆ ತಮ್ಮ ಬಿರುದಿನ ಬೆಲೆಯೇ ಹೋಗುತ್ತದೆ ಎಂಬ ಭಯ ಒಂದು ಕಡೆ, ಸತ್ತರೂ ಬಗ್ಗುವುದಿಲ್ಲ ಎಂಬ ಹಟ ಇನ್ನೊಂದು ಕಡೆ. ಬಗ್ಗೋಣ ಎಂದು ಒಪ್ಪಿಸಲು ಓಡಾಡಿದವರಲ್ಲಿ ನಮ್ಮ ಹಳೇ ವೈಸ್‌ರಾಯ್ ಕರ್ಜನ್ ಮುಖ್ಯ. ಆಗಸ್ಟ್ 10ರ ರಾತ್ರಿ 131–114ರಲ್ಲಿ ಲಾರ್ಡ್‌ಗಳು ತಮ್ಮ ಹಲ್ಲನ್ನು ತಾವೇ ಕಿತ್ತುಕೊಂಡರು. ಹಣಕಾಸಿನ ಮಸೂದೆಯನ್ನು ಒಂದು ತಿಂಗಳಿಗಿಂತ ಜಾಸ್ತಿ ಹಿಡಿದಿಡುವಂತಿಲ್ಲ. ಬೇರೆ ಮಸೂದೆಗಳನ್ನು ಎರಡು ವರ್ಷ ತಡೆಯಬಹುದು. 1949ರಲ್ಲಿ ಅದನ್ನೂ ಒಂದು ವರ್ಷ ಮಾಡಿದರು.

ಕರ್ಜನ್‌ಗೆ ಇದರ ಬಿಸಿ ಹನ್ನೆರಡು ವರ್ಷದ ನಂತರ ತಟ್ಟಿತು. 1923ರಲ್ಲಿ ಪ್ರಧಾನಿ ಹುದ್ದೆ ತನಗೇ ಎಂದುಕೊಂಡಿದ್ದ. ರಾಜ ಬಾಲ್ಡ್‌ವಿನ್‌ನನ್ನು ಕರೆದ. ಲಾರ್ಡ್ಸ್‌ನಲ್ಲಿ ಕೂತವರು ಇನ್ನು ಪ್ರಧಾನಿ ಆಗುವುದು ಸರಿಯಲ್ಲ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಅಂದಿನಿಂದ ಅದೇ ರೂಢಿ. 1963ರಲ್ಲಿ ಲಾರ್ಡ್ ಹೋಮ್ ಪ್ರಧಾನಿಯಾದಾಗ ಬಿರುದು ಬಿಟ್ಟು, ಉಪಚುನಾವಣೆ ಗೆದ್ದು ಕಾಮನ್ಸ್‌ಗೆ ಬಂದರು. ನಡುವಿನ ಎರಡು ವಾರ ಬ್ರಿಟನ್ನಿನ ಪ್ರಧಾನಿ ಯಾವ ಸದನದಲ್ಲೂ ಇರಲಿಲ್ಲ!

ಧಾರವಾಡದ ವಕೀಲ

ಈ 1911ರ ಜಗಳದ ಫಲ ನಮ್ಮ ವಿಧಾನಸೌಧದಲ್ಲೂ ಇದೆ. ಸಂವಿಧಾನದ 198ನೇ ವಿಧಿ ನೋಡಿ: ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನದೊಳಗೆ ವಾಪಸ್ ಕೊಡಬೇಕು, ಸಲಹೆ ಮಾತ್ರ ಕೊಡಬಹುದು. ರಾಜ್ಯಸಭೆಗೆ 109ನೇ ವಿಧಿ. ಇಂಗ್ಲೆಂಡಿನಲ್ಲಿ ಎರಡು ಚುನಾವಣೆ, ಒಬ್ಬ ರಾಜನ ಸಾವು, ಒಂದು ಗುಟ್ಟಿನ ಮಾತು ಖರ್ಚಾದ ಮೇಲೆ ಬಂದ ನಿಯಮ ನಮಗೆ ಸಿದ್ಧವಾಗಿ ಸಿಕ್ಕಿತು. ಅವರ ಒಂದು ತಿಂಗಳನ್ನು ನಾವು ಅರ್ಧ ಮಾಡಿದೆವು.

ಮೇಷ್ಟ್ರ ವಾದವನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷೆ ಮಾಡಬಹುದು. ಮೈಸೂರಿನಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದೊಡ್ಡ ಹೆಜ್ಜೆ, ಎರಡು ಮಾತಿಲ್ಲ. ಆದರೆ ದಸರಾಕ್ಕೆ ಬಂದ ಪ್ರತಿನಿಧಿಗಳು ದಿವಾನರ ವರದಿ ಕೇಳಬಹುದಿತ್ತು, ಕೆರೆ ರಸ್ತೆಗಳ ಅಹವಾಲು ಹೇಳಬಹುದಿತ್ತು. ತೆರಿಗೆಗೆ ‘ಇಲ್ಲ’ ಎನ್ನುವ ಅಧಿಕಾರ ಇರಲಿಲ್ಲ. ಹೊಸ ತೆರಿಗೆಗೆ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕು ಎಂದಾದದ್ದೇ 1923ರ ಹೊತ್ತಿಗೆ. ಕೇಳಬೇಕು, ಅಷ್ಟೇ. ಹಾಗಾಗಿ ದಿವಾನರ ಮೇಲೆ ಅದಕ್ಕೆ ಹಿಡಿತ ಬರಲೇ ಇಲ್ಲ.

ಸಿಡಿಮಿಡಿ

ದುಡ್ಡಿನಿಂದಲೇ ಎಲ್ಲ ಆಯಿತು ಎಂದು ಪೂರ್ತಿ ಒಪ್ಪಲಾರೆ. ಓಟು ಸಿಕ್ಕಿದ್ದು ಬೀದಿಗೆ ಇಳಿದದ್ದರಿಂದ. 1838ರಿಂದ ಚಾರ್ಟಿಸ್ಟರು ಎಂಬ ಕಾರ್ಮಿಕ ಚಳವಳಿಗಾರರು ಆರು ಬೇಡಿಕೆ ಇಟ್ಟು ಲಕ್ಷಗಟ್ಟಲೆ ಸಹಿ ತಂದರು. ಪಾರ್ಲಿಮೆಂಟು ಮೂರು ಸಲ ತಳ್ಳಿಹಾಕಿತು. ಕೊನೆಗೆ ಐದು ಬೇಡಿಕೆ ಕಾನೂನಾದವು: ಗುಪ್ತ ಮತದಾನ 1872ರಲ್ಲಿ, ಸಂಸದರಿಗೆ ಸಂಬಳ 1911ರಲ್ಲಿ, ಹೀಗೆ. ಹೆಂಗಸರು ಜೈಲಿಗೆ ಹೋಗಿ ಉಪವಾಸ ಕೂತ ಮೇಲೆ 1918ರಲ್ಲಿ 30 ದಾಟಿದವರಿಗೆ, ಅದೂ ಷರತ್ತಿನ ಮೇಲೆ. ಗಂಡಸರ ಸಮಕ್ಕೆ ಬಂದದ್ದು 1928ರಲ್ಲಿ. ಇವರ್‍ಯಾರ ಹತ್ತಿರವೂ ಖಜಾನೆಯ ಕೀಲಿ ಇರಲಿಲ್ಲ.

ನಿವೃತ್ತ ಮೇಷ್ಟ್ರು

ಸರಿಯಾದ ಮಾತು. ಕಾಮನ್ಸ್‌ಗೆ ಬಲ ಬಂದದ್ದು ಒಂದು ಕಥೆ, ಆ ಕಾಮನ್ಸ್ ಒಳಗೆ ಜನ ಸೇರಿಕೊಂಡದ್ದು ಇನ್ನೊಂದು ಕಥೆ. ಮೊದಲನೆಯದಕ್ಕೆ ಆರು ಶತಮಾನ ಹಿಡಿಯಿತು, ಎರಡನೆಯದು ನೂರೇ ವರ್ಷದಲ್ಲಿ ನಡೆಯಿತು. ಪುಸ್ತಕಗಳು ಎರಡನ್ನೂ ಕಲಸಿ ‘ಪ್ರಜಾಪ್ರಭುತ್ವದ ವಿಕಾಸ’ ಅಂತ ಒಂದೇ ಪಾಠ ಮಾಡಿಬಿಡುತ್ತವೆ. ದಾದಾಭಾಯಿ ನವರೋಜಿ 1892ರಲ್ಲಿ ಫಿನ್ಸ್‌ಬರಿಯಿಂದ ಐದೇ ಓಟಿನಲ್ಲಿ ಗೆದ್ದದ್ದು ಈ ಎರಡನೇ ಕಥೆಗೆ ಸೇರುತ್ತದೆ.

ಓದುಗ ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಅಲ್ಲಿನ ಸಂಸದರು ರಾಜೀನಾಮೆ ಕೊಡುವಂತಿಲ್ಲ ಎಂದು ಎಲ್ಲೋ ಓದಿದೆ. ನಿಜವಾ? ಹಾಗೇ, ಈಗ ರಾಜನ ಖರ್ಚಿಗೆ ದುಡ್ಡು ಯಾರು ಕೊಡುತ್ತಾರೆ?

ಧಾರವಾಡದ ವಕೀಲ

ನಿಜ. 1624ರ ನಿರ್ಣಯ. ಆಗ ಸಂಸದನಾಗಿರುವುದು ಕಿರಿಕಿರಿಯ ಕರ್ತವ್ಯ, ತಪ್ಪಿಸಿಕೊಳ್ಳಬಾರದು ಅಂತ. ಆಮೇಲೆ ಇನ್ನೊಂದು ನಿಯಮ ಬಂತು. ರಾಜ ಸಂಬಳದ ಹುದ್ದೆ ಹಂಚಿ ಸಂಸದರನ್ನು ಕೊಳ್ಳುತ್ತಿದ್ದ. ಹಾಗಾಗಿ ರಾಜನಿಂದ ಲಾಭದ ಹುದ್ದೆ ಪಡೆದವರ ಸದಸ್ಯತ್ವ ಹೋಗುತ್ತದೆ ಎಂದಾಯಿತು. ಇವತ್ತು ಬಿಡಬೇಕೆಂದವರು ‘ಚಿಲ್ಟರ್ನ್ ಹಂಡ್ರೆಡ್ಸ್’ನ ಮೇಲ್ವಿಚಾರಕ ಎಂಬ ಹುದ್ದೆಗೆ ಅರ್ಜಿ ಹಾಕುತ್ತಾರೆ. ಕೆಲಸವಿಲ್ಲ, ಸಂಬಳವಿಲ್ಲ. ಹೆಸರಿಗೆ ಲಾಭದ ಹುದ್ದೆ, ಆದ್ದರಿಂದ ಸದಸ್ಯತ್ವ ರದ್ದು. ನಮ್ಮ 102 ಮತ್ತು 191ನೇ ವಿಧಿಗಳ ‘ಲಾಭದಾಯಕ ಹುದ್ದೆ’ಯ ಮೂಲ ಇದೇ. ನಿಗಮ ಮಂಡಳಿ ಹಂಚುವಾಗೆಲ್ಲ ನಮ್ಮಲ್ಲಿ ಈ ವಿಷಯ ತಲೆ ಎತ್ತುತ್ತದೆಯಲ್ಲ.

ಲೀಡ್ಸ್ ಕನ್ನಡತಿ

ರಾಜನ ಖರ್ಚಿನ ಬಗ್ಗೆ ನಾನು ಹೇಳುತ್ತೇನೆ. 1760ರಲ್ಲಿ ಮೂರನೇ ಜಾರ್ಜ್ ಪಟ್ಟಕ್ಕೆ ಬಂದಾಗ ರಾಜಮನೆತನದ ಜಮೀನುಗಳ ಆದಾಯವನ್ನು ಪಾರ್ಲಿಮೆಂಟಿಗೆ ಬಿಟ್ಟುಕೊಟ್ಟು ವರ್ಷಾಸನ ಪಡೆದ. ಪ್ರತಿ ಹೊಸ ರಾಜ ಆ ಕರಾರನ್ನು ನವೀಕರಿಸುತ್ತಾ ಬಂದರು. 2012ರಿಂದ ವರ್ಷಾಸನದ ಬದಲು ಆ ಜಮೀನುಗಳ ಲಾಭದಲ್ಲಿ ಶೇಕಡಾ 15ರಷ್ಟಕ್ಕೆ ಸಮನಾದ ಹಣ ಸರ್ಕಾರ ಕೊಡುತ್ತಿತ್ತು. ಬಕಿಂಗ್‌ಹ್ಯಾಮ್ ಅರಮನೆ ರಿಪೇರಿಗೆಂದು ಅದನ್ನು 25ಕ್ಕೆ ಏರಿಸಿದರು. ಸಮುದ್ರದಲ್ಲಿ ಗಾಳಿಯಂತ್ರಗಳ ಗುತ್ತಿಗೆಯಿಂದ ಲಾಭ ಒಮ್ಮೆಲೇ ಜಿಗಿದಾಗ 12ಕ್ಕೆ ಇಳಿಸಿದರು. ಲಂಕಾಸ್ಟರ್ ಡಚಿ ಎಂಬ ಇನ್ನೊಂದು ಆಸ್ತಿಯ ಆದಾಯ ರಾಜನ ಖಾಸಗಿ. ಅದಕ್ಕೆ 1993ರಿಂದ ಆದಾಯ ತೆರಿಗೆ ಕಟ್ಟುತ್ತಾರೆ, ಸ್ವಂತ ಇಚ್ಛೆಯಿಂದ. ಕಟ್ಟಲೇಬೇಕು ಅಂತ ಕಾನೂನು ಇಲ್ಲ.